ಕೈಗುಣದ ಕೀಬೋರ್ಡು

"ಸಸ್ತಾ ಮೆಕ್ಯಾನಿಕಲ್ ಕೀಬೋರ್ಡು ಕೊಟ್ಟ ರೊಕ್ಕಕ್ಕ ಮೋಸ ಇಲ್ಲ, ಹೌದಲ್ರಿ ಅಕ್ಕಾರ?" ಎಂದು ಯಾರಾದರೂ ಕೇಳಿದರೆ ಮೊದಲು ಅವರನ್ನು ಕೂಡಿಸಿ ನೀರು ಕೊಡುತ್ತೇನೆ. ಆಮೇಲೆ ಬೈಯುತ್ತೇನೆ. ಮನೆಗೆ ಬಂದವರಿಗೆ ಅಷ್ಟು ಮರ್ಯಾದೆ ಬೇಕಲ್ಲ.

ಇಂಡಿ ಎಂಬ ಊರಿನಲ್ಲಿ, ಲಿಂಬೆಹಣ್ಣಿನ ಚೀಲ ಇಳಿಸುವ ಓಣಿಯಲ್ಲಿ, ಒಂದು ಮಹಡಿಯ ಮೇಲೆ ನನ್ನ ಟೈಪಿಂಗ್ ಕ್ಲಾಸ್ ಇದೆ. ಗೋಡೆಗುಂಟ ಹಳೆಯ ಟೈಪ್‌ರೈಟರುಗಳು, ಒಂದು ಮೂಲೆಯಲ್ಲಿ ಕಂಪ್ಯೂಟರುಗಳು. ನನ್ನಲ್ಲಿ ಕಲಿಯುವವರು ಮೊದಲು ಟೈಪ್‌ರೈಟರಿನ ಮೇಲೆಯೇ ಕೂಡಬೇಕು, ಕೈ ಮೇಲೆ ಬಟ್ಟೆ ಹೊದಿಸಿಕೊಂಡು. ಕೀ ನೋಡಿದರೆ ಬೆರಳಿಗೆ ಸ್ಕೇಲು. ಮೆತ್ತಗೆ ಒತ್ತಿದರೆ ಟೈಪ್‌ರೈಟರಿನಲ್ಲಿ ಅಕ್ಷರವೇ ಮೂಡುವುದಿಲ್ಲ, ಆದ್ದರಿಂದ ನಮ್ಮವರ ಬೆರಳೆಂದರೆ ಒರಳಿಗೆ ಬೀಳುವ ಒನಕೆ. ಸಾಲು ಮುಗಿದು ಗಂಟೆ ಟಿಣ್ ಎಂದಾಗ ಎಡಗೈ ಮೇಲೆದ್ದು ಹಿಡಿಕೆಯನ್ನು ಬಲಕ್ಕೆ ತಳ್ಳುತ್ತದೆ. ವರ್ಷಗಟ್ಟಲೆ ಹೀಗೆ ಕಲಿತ ಕೈ ಕಂಪ್ಯೂಟರಿನ ಮುಂದೆ ಕೂತರೂ ಸುಮ್ಮನಿರುವುದಿಲ್ಲ. ಸಾಲು ಮುಗಿಯಿತೆಂದರೆ ಇಲ್ಲದ ಹಿಡಿಕೆಗೆ ಒಂದು ಏಟು ಬಿದ್ದೇ ಬೀಳುತ್ತದೆ. ನನ್ನ ಕ್ಲಾಸಿನಲ್ಲಿ ಕಂಪ್ಯೂಟರಿನ ಎಡಗಡೆ ಚಹಾದ ಕಪ್ಪು ಇಡುವಂತಿಲ್ಲ ಎನ್ನುವುದು ಕಾಯಂ ನಿಯಮ.

ಹೀಗೆ ಕಲಿತವರಲ್ಲಿ ಎಲ್ಲರಿಗಿಂತ ಗಟ್ಟಿ ಬೆರಳು ನನ್ನ ತಂಗಿಯದು. ಮದುವೆಯಾಗಿ ಮುದ್ದೇಬಿಹಾಳಕ್ಕೆ ಹೋದಳು. ಸರ್ಕಾರಿ ಟೈಪಿಸ್ಟ್ ಹುದ್ದೆಗೆ ಅರ್ಜಿ ಹಾಕುತ್ತೇನೆ ಅಂದಾಗಲೆಲ್ಲ ಅವಳ ಗಂಡ, "ಏನ ಕಡಿಮಿ ಆಗೇದ ನಿನಗ?" ಎನ್ನುತ್ತಿದ್ದ. ಕಡಿಮೆಯಾಗಿದ್ದು ಅವನ ತಲೆಯಲ್ಲಿ, ಅದನ್ನು ಅವಳು ಹೇಗೆ ಹೇಳಿಯಾಳು? ಹೀಗೆ ಏನೇನೋ ಆಗಿ ವಯಸ್ಸು ಸರಿಯಿತು. ಕೊನೆಗೊಮ್ಮೆ ಹುದ್ದೆಗೆ ಕರೆದಾಗ ಅವಳು ಗಂಡನನ್ನು ಕೇಳದೆಯೇ ಅರ್ಜಿ ಹಾಕಿಬಿಟ್ಟಳು. ಅದೇ ಕೊನೆಯ ಅವಕಾಶ. ಮುಂದಿನ ಸಲ ಕರೆಯುವಷ್ಟರಲ್ಲಿ ವಯಸ್ಸಿನ ಮಿತಿ ದಾಟಿರುತ್ತಿತ್ತು. ಬರಹದ ಪರೀಕ್ಷೆ ಪಾಸಾಗಿ, ಟೈಪಿಂಗ್ ಪರೀಕ್ಷೆಯೊಂದು ಉಳಿಯಿತು. ಬೇಕಾದವರು ತಮ್ಮ ಕೀಬೋರ್ಡು ತಾವೇ ತರಬಹುದು ಎಂದು ತಿಳಿಸಿದ್ದರು.

ಅಲ್ಲಿಗೆ ನಮ್ಮ ಮಹಾರಾಯ ಎಚ್ಚರಾದ. ಬರಹದ ಪರೀಕ್ಷೆ ಪಾಸಾದ ಮೇಲೆ ಅವನಿಗೂ ಹೆಂಡತಿಯ ನೌಕರಿಯ ರುಚಿ ಹತ್ತಿತ್ತು. ಮೊಬೈಲಿನಲ್ಲಿ ರಾಶಿ ವಿಡಿಯೊ ನೋಡಿ, ಸಿಂದಗಿಗೆ ಹೋಗಿ, ಗೆಳೆಯನ ಅಂಗಡಿಯಿಂದ ಕೀಬೋರ್ಡು ತಂದ. ಮೆಕ್ಯಾನಿಕಲ್ ಅಂದರೆ ಒಂದೊಂದು ಕೀಯ ಕೆಳಗೂ ಒಂದೊಂದು ಸ್ಪ್ರಿಂಗು, ಒತ್ತಿದರೆ ಟಕ್ ಎನ್ನುವ ಸಪ್ಪಳ. ಒಳ್ಳೆಯ ಕಂಪನಿಯ ಮಾಲಿಗೆ ಹೇಳುವ ಬೆಲೆಯ ಕಾಲುಭಾಗಕ್ಕೆ ಸಿಕ್ಕಿತಂತೆ. ಮೇಲೆ ಏಳು ಬಣ್ಣದ ದೀಪ.

ಆ ಭಾನುವಾರ ನಾನು ಮುದ್ದೇಬಿಹಾಳಕ್ಕೆ ಹೋದಾಗ ಅವನು ಬಾಗಿಲಲ್ಲೇ ಹಿಡಿದ.

"ಬರ್ರಿ ಅಕ್ಕಾರ, ಒಂದ ವಸ್ತು ತೋರಸ್ತೇನಿ. ನಿಮ್ಮ ಟೈಪ್‌ರೈಟರಿನ ಮೊಮ್ಮಗ!"

ಪರದೆ ಎಳೆದು ಕತ್ತಲೆ ಮಾಡಿ ದೀಪ ಹಾಕಿದ. ಕೆಂಪು, ಹಸಿರು, ನೀಲಿ ಓಡಾಡಿದವು. ಮದುವೆ ಬ್ಯಾಂಡಿನವರ ಗಾಡಿಯನ್ನು ಮೇಜಿನ ಮೇಲೆ ತಂದು ನಿಲ್ಲಿಸಿದಂತಿತ್ತು.

"ದೀಪ ಯಾಕ್ರಿ? ಆಕಿ ಕೀ ನೋಡದೇ ಬಡಿತಾಳಲ್ಲ," ಎಂದೆ.

"ಸ್ಟೈಲ್ ರೀ, ಸ್ಟೈಲ್!"

ತಂಗಿಗೆ ಬಡಿಯಲು ಹೇಳಿದೆ. ಅವಳು ಎರಡು ಸಾಲು ಬಡಿಯುವಷ್ಟರಲ್ಲಿ ಆ ಪ್ಲಾಸ್ಟಿಕ್ ಹಪ್ಪಳ ಮೇಜಿನ ಮೇಲೆ ಜಾರುತ್ತ ಜಾರುತ್ತ ಗೋಡೆಯ ಕಡೆಗೆ ಹೊರಟಿತು. ತೂಕವಿದ್ದರೆ ತಾನೇ ನಿಲ್ಲುವುದು? ಸಾಲು ಮುಗಿದಾಗ ಅವಳ ಎಡಗೈ ಅಭ್ಯಾಸಬಲದಿಂದ ಏಟು ಹಾಕಿತು, ವಯರು ಎಳೆದು ಕೀಬೋರ್ಡು ಅಡ್ಡ ತಿರುಗಿತು. ಉದ್ದನೆಯ ಸ್ಪೇಸ್ ಕೀ ಹಲ್ಲು ಸಡಿಲಾದ ಮುದುಕನಂತೆ ಕಟಕಟ ಅನ್ನುತ್ತಿತ್ತು. ಅದನ್ನೆಲ್ಲ ಸಹಿಸಬಹುದಿತ್ತು. ಕಂಪ್ಯೂಟರಿನ ಪರದೆ ನೋಡಿದರೆ ಒಂದು ಕೀಯನ್ನು ಒಮ್ಮೆ ಒತ್ತಿದರೂ ಅಕ್ಷರ ಎರಡೆರಡು ಬಿದ್ದಿತ್ತು. ಪರೀಕ್ಷೆಯಲ್ಲಿ ಅಂಥ ಪ್ರತಿಯೊಂದೂ ತಪ್ಪೇ. ವೇಗ ಎಷ್ಟೇ ಇರಲಿ, ತಪ್ಪು ಮಿತಿಮೀರಿದರೆ ಮನೆಗೆ ಹೋಗಬೇಕು.

"ಇದು ಬ್ಯಾಡ. ವಾಪಸ್ ಕೊಟ್ಟ ಬರ್ರಿ," ಎಂದೆ.

"ಆಕಿ ಕೈ ಇನ್ನೂ ಕೂತಿಲ್ಲರಿ. ಕುಣಿಲಾರದಾಕಿ ನೆಲಾ ಡೊಂಕ ಅಂದ್ಳಂತ!" ಎಂದು ನಕ್ಕ.

ನನ್ನ ಮೈಯೆಲ್ಲ ಉರಿಯಿತು. ಯಾರಿಗೆ ಹೇಳುತ್ತಿದ್ದಾನೆ ಈ ಮನುಷ್ಯ? ಇವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ರೈತ ಬಂದು ಅಗ್ಗದ ಬೇರಿಂಗು ಕೇಳಿದರೆ, "ಡುಪ್ಲಿಕೇಟ್ ಮಾಲ್ ಮುಟ್ಟಬ್ಯಾಡಪಾ, ಹೊಲದ ನಡಕ ಕೈ ಕೊಡತೈತಿ" ಎಂದು ಗಂಟೆಗಟ್ಟಲೆ ಪ್ರವಚನ ಹೇಳುತ್ತಾನೆ. ಅದೇ ಬಾಯಿ, ಅದೇ ಮನುಷ್ಯ. ಹೆಂಡತಿಯ ನೌಕರಿಯ ವಿಷಯಕ್ಕೆ ಬಂದರೆ ಅಗ್ಗ ಅಂತ ಮುಗ್ಗಿದ ಜೋಳ ತಂದು ಮುಂದಿಟ್ಟು, ಮೇಲೆ ಗಾದೆ ಬೇರೆ!

ಬಿಡಲಿಲ್ಲ ನಾನು. ಮರುದಿನ ಅವನನ್ನೇ ಕರೆದುಕೊಂಡು ಸಿಂದಗಿಗೆ ಹೋದೆ. ಅಂಗಡಿಯವನು ಕೀಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಬಾಯಿಯಿಂದ ಉಫ್ ಎಂದು ಊದಿದ. ಅದೇ ರಿಪೇರಿ.

"ಗೇಮ್ ಆಡೋ ಹುಡುಗರು ಭಾಳ ಮಂದಿ ಒಯ್ದಾರ್ರಿ, ಒಬ್ಬರದೂ ಕಂಪ್ಲೇಂಟ್ ಇಲ್ಲ."

"ಗೇಮಿನ್ಯಾಗ ಒಂದ ಗುಂಡು ಎರಡ ಸಲ ಹಾರಿದ್ರ ಯಾರ್ ಅಳತಾರಪಾ? ನಮ್ಮಾಕಿ ಪರೀಕ್ಷೆ ಬರೀಬೇಕು," ಎಂದೆ.

"ನೀವು ಬಡಿಯೂದು ಜೋರ್ ಆಗತೈತ್ರಿ ಅಕ್ಕಾರ. ಸಾವಕಾಶ ಒತ್ರಿ."

ಸಾವಕಾಶ ಒತ್ತಬೇಕಂತೆ! ಹಾಗಾದರೆ ಸ್ಪ್ರಿಂಗು ಯಾಕೆ, ಟಕ್ ಯಾಕೆ, ಮೆಕ್ಯಾನಿಕಲ್ ಎಂಬ ದೊಡ್ಡ ಹೆಸರು ಯಾಕೆ? ಗಟ್ಟಿ ಕೈಯವರಿಗೆಂದೇ ಮಾಡಿದ್ದು ಎಂದು ಡಬ್ಬದ ಮೇಲೆ ಬಡಾಯಿ ಕೊಚ್ಚಿ, ಗಟ್ಟಿ ಕೈ ತಗುಲಿದ ಕೂಡಲೆ ಅಳುವ ಮಾಲು. ಹೊರಗೆ ಥಳಕು, ಒಳಗೆ ಹುಳುಕು. ನಿಜವಾದ ಮೆಕ್ಯಾನಿಕಲ್ ಕೀಬೋರ್ಡು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆಲಮೇಲದ ಒಬ್ಬ ವಕೀಲರ ಮನೆಯಲ್ಲಿ ಒಂದರ ಮೇಲೆ ಕೈ ಇಟ್ಟು ನೋಡಿದ್ದೇನೆ. ಕಲ್ಲಿನ ಹಾಗೆ ಕೂತಲ್ಲೇ ಕೂತಿತ್ತು, ಒಂದೇಟಿಗೆ ಒಂದೇ ಅಕ್ಷರ. ಆದರೆ ಅದರ ಬೆಲೆಯೂ ಅದರ ತೂಕದಷ್ಟೇ. ಅಷ್ಟು ಕೊಡಲು ಆಗದಿದ್ದರೆ ಸ್ಪ್ರಿಂಗಿನ ಬದಲು ರಬ್ಬರಿರುವ ಸಾದಾದು ಕೊಂಡು ಸುಮ್ಮನಿರಬೇಕು. ಅದು ತಾನು ಏನಲ್ಲವೋ ಅದರ ವೇಷವನ್ನಾದರೂ ಹಾಕುವುದಿಲ್ಲ.

ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಗೆಳೆಯನ ಮುಂದೆ ಮುಖ ಕೆಡಿಸಿಕೊಳ್ಳಲು ನಮ್ಮವನೂ ತಯಾರಿರಲಿಲ್ಲ. "ಇರ್ಲಿ ಬಿಡ್ರಿ, ರೂಢಿ ಆಗತೈತಿ," ಎಂದು ಅದನ್ನೇ ಬಗಲಲ್ಲಿ ಇಟ್ಟುಕೊಂಡು ಬಂದ.

ಪರೀಕ್ಷೆ ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿತ್ತು. ತಂಗಿ ಚೀಲದಲ್ಲಿ ಆ ಕೀಬೋರ್ಡು ಹಾಕಿಕೊಂಡು ಒಳಗೆ ಹೋದಳು. ನಾನೂ ಅವಳ ಗಂಡನೂ ಹೊರಗೆ ಬೇವಿನ ಗಿಡದ ಕೆಳಗೆ ನಿಂತೆವು. ಬಂದವರಿಗೆಲ್ಲ ಅವನು, "ನಮ್ಮಾಕಿದು ಸ್ವಂತ ಮೆಕ್ಯಾನಿಕಲ್ ರೀ," ಎಂದು ಹೇಳಿದ್ದೇ ಹೇಳಿದ್ದು. ಇಷ್ಟು ವರ್ಷ ಕಾದ ತುತ್ತು ಕೈಗೆ ಬಂದು ಬಾಯಿಗೆ ಬರದೇ ಹೋದರೆ ಈ ಮನುಷ್ಯನನ್ನು ಇಲ್ಲೇ ಈ ಗಿಡಕ್ಕೆ ಕಟ್ಟುತ್ತೇನೆ ಎಂದುಕೊಂಡೆ.

ಹೊರಗೆ ಬಂದಾಗ ಅವಳ ಮುಖ ಶಾಂತವಾಗಿತ್ತು. ಗಂಡ ಗಾಡಿ ತರಲು ಹೋದಾಗ ನನ್ನ ಕಿವಿಯ ಹತ್ತಿರ ಬಂದಳು.

"ಅಕ್ಕಾ, ಮೊದಲ ಒಂದ ಪ್ಯಾರಾ ರೂಢಿಗಂತ ಕೊಟ್ಟಿದ್ರು. ಶುರು ಮಾಡೂದ್ರಾಗ ಎರಡೆರಡು ಬಿತ್ತು. ವಯರ್ ಕಿತ್ತಿ ಚೀಲದಾಗ ತುರುಕಿದೆ. ಅಲ್ಲಿದ್ದ ಹಳೇದರ ಮ್ಯಾಲೆ ಬಡದೇನಿ. ಜಿಡ್ಡು ಹಿಡದಿತ್ತು, ಅಕ್ಷರೆಲ್ಲಾ ಅಳಿಸಿ ಹೋಗಿದ್ವು."

"ಅಳಿಸಿದ್ರ?"

"ನೀ ಎಂದಾದ್ರೂ ಕೀ ನೋಡಾಕ ಬಿಟ್ಟೀಯೇನು?" ಎಂದು ನಕ್ಕಳು.

ಅಲ್ಲೇ ಅವಳನ್ನು ತಬ್ಬಿಕೊಂಡೆ. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ನಿನ್ನ ಗಂಡ ಬರಲಿ, ಮುಖದ ಮೇಲೆ ಹೇಳಿಬಿಡುತ್ತೇನೆ ಎಂದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಬ್ಯಾಡಕ್ಕಾ. ಹೇಳಬ್ಯಾಡ. ಆಣಿ ಐತಿ ನಿನಗ."

ಯಾಕೆಂದು ಕೇಳಿದರೆ ಹೇಳಲಿಲ್ಲ. ಗಾಡಿ ಬಂತು, ಹತ್ತಿದೆವು.

ಅವಳು ಆಯ್ಕೆಯಾದಳು. ಬಾಗೇವಾಡಿಯಲ್ಲೇ ನೌಕರಿ. ಖುಷಿ ಪಡುವ ಹೊತ್ತಿನಲ್ಲಿ ನಾನು ಹಲ್ಲು ಕಡಿಯುತ್ತಿದ್ದೆ, ಏಕೆಂದರೆ ಆಯ್ಕೆಯಾದ ದಿನವೇ ಅವಳ ಗಂಡ ಮೊಬೈಲಿನಲ್ಲಿ ಸ್ಟೇಟಸ್ ಹಾಕಿದ್ದ. ಹೆಂಡತಿಯ ಫೋಟೊ ಅಲ್ಲ, ಕೀಬೋರ್ಡಿನದು. ಮಾಲೆ ಬೇರೆ ಹಾಕಿದ್ದ. "ನೌಕರಿ ಕೊಟ್ಟ ಕೀಬೋರ್ಡು." ಸಿಂದಗಿಯ ಅಂಗಡಿಯವನಿಗೆ ಹಬ್ಬವೋ ಹಬ್ಬ. ನನ್ನ ಕ್ಲಾಸಿಗೂ ಹುಡುಗಿಯರು ಅದನ್ನು ಎದೆಗವಚಿಕೊಂಡು ಬರತೊಡಗಿದರು. ಟೈಪ್‌ರೈಟರಿನ ಮುಂದೆ ಕೂಡಿರೆಂದರೆ ಮುಖ ಸಿಂಡರಿಸುತ್ತಾರೆ. ಬೆರಳು ಯಾರಿಗೆ ಬೇಕು, ದೀಪ ಇದೆಯಲ್ಲ! ತಂಗಿಯ ಅಷ್ಟು ವರ್ಷದ ಬೆವರನ್ನು ಒಂದು ಮಿಣಮಿಣ ಡಬ್ಬಿ ನುಂಗಿ ಕೂತಿತ್ತು, ನಾನು ಆಣೆಗೆ ಕಟ್ಟುಬಿದ್ದು ಬಾಯಿ ಹೊಲಿದುಕೊಂಡಿದ್ದೆ.

ಮಹಾನವಮಿ ಬಂತು. ನಮ್ಮ ಕಡೆ ಅಂದು ದುಡಿಯುವ ವಸ್ತುಗಳಿಗೆಲ್ಲ ಪೂಜೆ. ಮುದ್ದೇಬಿಹಾಳದ ಮನೆಯಲ್ಲಿ ನಟ್ಟು ತಿರುಗಿಸುವ ಪಾನಾ, ಸುತ್ತಿಗೆ, ತಕ್ಕಡಿಗಳ ನಡುವೆ ಎತ್ತರದ ಮಣೆಯ ಮೇಲೆ ಆ ಕೀಬೋರ್ಡು ಕುಂಕುಮ ಮೆತ್ತಿಕೊಂಡು ಮಿಂಚುತ್ತಿತ್ತು. ಎದುರಿಗೆ ಕಾಯಿ ಒಡೆದರು. ನಾನು ಕೈ ಮುಗಿದದ್ದು ಸುತ್ತಿಗೆಗೆ.

ಅವನ ಅಕ್ಕನ ಮಗಳು ಕೊಲ್ಹಾರದಿಂದ ಬಂದಿದ್ದಳು. ಅವಳಿಗೂ ಅಂಥದೇ ಟೈಪಿಂಗ್ ಪರೀಕ್ಷೆ ಹತ್ತಿರ ಬಂದಿತ್ತು. ಪೂಜೆ ಮುಗಿದ ಮೇಲೆ ಅವನು ಕೀಬೋರ್ಡು ಎತ್ತಿ ಅವಳ ಕೈಗಿಟ್ಟ.

"ಒಯ್ಯಿ. ಕೈಗುಣ ಐತಿ ಇದಕ್ಕ. ಇದರ ಮ್ಯಾಲೆ ಪರೀಕ್ಷೆ ಬರಿ."

ಹುಡುಗಿ ಕಣ್ಣಿಗೊತ್ತಿಕೊಂಡಳು. ಆಣೆ ಮುರಿದೇಬಿಡೋಣವೆಂದು ಎದ್ದೆ. ಅಷ್ಟರಲ್ಲಿ ತಂಗಿ ಹೋಳಿಗೆಯ ತಾಟು ಕೆಳಗಿಟ್ಟು ಬಂದು, ಕೀಬೋರ್ಡನ್ನು ಹುಡುಗಿಯ ಕೈಯಿಂದ ತೆಗೆದುಕೊಂಡಳು.

"ಇದನ್ನ ಒಯ್ಯಬ್ಯಾಡವಾ. ಇದು ಒಂದೊತ್ತಿದ್ರ ಎರಡ ಬೀಳತೈತಿ. ನಾ ಇದರ ಮ್ಯಾಲೆ ಪರೀಕ್ಷೆ ಬರದಿಲ್ಲ. ಚೀಲದಾಗ ಇಟ್ಟಿದ್ದೆ."

ಅವನು ಹೆಂಡತಿಯ ಮುಖವನ್ನೇ ನೋಡಿದ.

"ಖರೇನು?"

"ಖರೇ."

"ಮತ್ತ ಇಷ್ಟ ದಿನ ನನಗ್ಯಾಕ ಹೇಳಲಿಲ್ಲ?"

ತಂಗಿ ಸೆರಗಿನಿಂದ ಕೀಗಳ ಮೇಲಿನ ಕುಂಕುಮ ಒರೆಸುತ್ತ ನಿಂತಳು. ಹೇಳಲೋ ಬೇಡವೋ ಎಂಬಂತೆ ನನ್ನ ಕಡೆ ಒಮ್ಮೆ ನೋಡಿದಳು.

"ಮನ್ಯಾಗಿನ ಹಳೇ ಕೀಬೋರ್ಡಿನ ಮ್ಯಾಲೆ ಬಡಿಯೂ ಮುಂದ ಸಪ್ಪಳ ಇರ್ತಿರಲಿಲ್ಲ. ಸುಮ್ಮ ಕುಂತಾಳ ಅಂತಿದ್ರಿ ನೀವು. ಇದನ್ನ ತಂದ ಮ್ಯಾಲೆ ಟಕಟಕ ಕೇಳಿ, 'ಬಡೀ ನೀ, ಚಾ ನಾ ಮಾಡ್ತೇನಿ' ಅಂತ ಒಲಿ ಮುಂದ ಹೋದ್ರಿ. ಮದುವಿ ಆದಾಗಿಂದ ಮೊದಲನೇ ಸಲ. ಖರೇ ಹೇಳಿದ್ರ ಎಲ್ಲಿ ಚಾ ಮಾಡೂದು ಬಿಟ್ಟಗಿಟ್ಟೀರಿ ಅಂತ ಹೇಳಲಿಲ್ಲ."

ಯಾವ ವಿಷಯಕ್ಕೂ ನಾಲಿಗೆಯ ತುದಿಯಲ್ಲಿ ಗಾದೆ ಇಟ್ಟುಕೊಂಡಿರುವ ಆ ಮನುಷ್ಯ ಅವಳ ಕೈಯಿಂದ ಕೀಬೋರ್ಡು ತೆಗೆದುಕೊಂಡ. ಪೂಜೆಯ ಮಣೆಯ ಮೇಲೆ ಇಡಲು ಹೋಗಿ, ಇಡಲಿಲ್ಲ. ಹಳೆಯ ಪೇಪರಿನ ಕಟ್ಟಿನ ಮೇಲೆ ಇಟ್ಟು ಅಡುಗೆಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಒಲೆ ಹಚ್ಚಿದ ಸಪ್ಪಳ ಕೇಳಿತು, ಆಮೇಲೆ ಡಬ್ಬಿಗಳನ್ನು ಹುಡುಕುವ ಸಪ್ಪಳ.

ಚಹಾಕ್ಕೆ ಸಕ್ಕರೆ ಅತಿಯಾಗಿತ್ತು. ಹೇಳಬೇಕೆಂದುಕೊಂಡೆ, ತಂಗಿ ಕಣ್ಣಲ್ಲೇ ಬೇಡ ಎಂದಳು. ಬಾಯಿ ಮುಚ್ಚಿಕೊಂಡು ಪೂರ್ತಿ ಕುಡಿದೆ.