ನವಿಲಿಗೆ ಕಾದ ಮೂರು ಬೆಳಗು

ಅಲುಗಾಡದೆ ಕೂರೋದರಲ್ಲಿ ನನ್ನನ್ನು ಮೀರಿಸಿದವರು ಧರ್ಮಪುರಿ ಸೀಮೆಯಲ್ಲೇ ಇಲ್ಲ. ಬೇಕಾದರೆ ನನ್ನನ್ನೇ ಕೇಳಿ. ಗರಿ ಬಿಚ್ಚಿದ ನವಿಲಿನ ಒಂದೇ ಒಂದು ಫೋಟೋಗಾಗಿ ತೊಪ್ಪೂರಿನ ಹತ್ತಿರ ಮಾದಕ್ಕನ ಕಡಲೆಕಾಯಿ ಹೊಲದ ಬದುವಿನಲ್ಲಿ ಕ್ಯಾಮೆರಾ ಹಿಡಿದು ಮೂರು ಬೆಳಗು ಕೂತೆ. ಓತಿಕ್ಯಾತವೊಂದು ನನ್ನ ಮೂಗಿನ ಮೇಲೆ ಹತ್ತಿ, ಬಿಸಿಲು ಕಾಯಿಸಿಕೊಂಡು ಇಳಿದುಹೋಯಿತು. ನಾನು ಕೆಮ್ಮಲೂ ಇಲ್ಲ. ನವಿಲು ಮಾತ್ರ ಬರಲಿಲ್ಲ.

ಮಾದಕ್ಕ ದಿನಾ ಮುದ್ದೆ, ಸೊಪ್ಪಿನ ಸಾರು ತಂದಿಡುತ್ತಿದ್ದಳು. ಕಲೆಗೆ ಸಂದ ಗೌರವ ಅಂದುಕೊಂಡೆ. ಮೂರನೇ ದಿನ, "ಸಾಕಕ್ಕಾ, ಇಲ್ಲಿ ನವಿಲೇ ಇಲ್ಲ, ಹೊರಟೆ" ಅಂದೆ.

ಅವಳು ಗಾಬರಿಯಾದಳು. "ಅಯ್ಯೋ, ಓಗಬ್ಯಾಡ ಅಣ್ಣಾ! ನೀ ಬರೋಕೆ ಮುಂಚೆ ದಿನಾ ಐದಾರು ನವಿಲು ಬಂದು ಕಾಯಿ ಕೆದಕ್ತಿದ್ವು. ಮುರುಗನ ವಾಹನ, ಕಲ್ಲು ಬೀಸಂಗಿಲ್ಲ. ಬೆದರುಬೊಂಬೆ ನಿಲ್ಲಿಸಿದ್ರೆ ಅದರ ತಲೆ ಮ್ಯಾಲೇ ಕೂತ್ಕೊಂಡ್ವು. ನಿನ್ನ ಮೊಕ ಕಂಡ ಮ್ಯಾಲೆ ಒಂದೂ ಇತ್ತ ಸುಳಿದಿಲ್ಲ. ಕಾಯಿ ಕೀಳೋಗಂಟ ಇರಣ್ಣಾ, ಇನ್ನ ನಾಲ್ಕೇ ದಿನ ಐತೆ!"

ಇದ್ದೆ. ಮುದ್ದೆ ಚೆನ್ನಾಗಿತ್ತು. ಮಾದಕ್ಕನ ಕಾಯಿ ಒಂದೂ ಪೋಲಾಗದೆ ಮನೆ ಸೇರಿತು. ನವಿಲಿನ ಫೋಟೋ ತೆಗೆದವರು ಊರಿಗೆ ಹತ್ತು ಜನ ಸಿಗುತ್ತಾರೆ. ನವಿಲುಗಳೇ ಮುಖ ನೆನಪಿಟ್ಟುಕೊಂಡ ಫೋಟೋಗ್ರಾಫರ್ ನಾನೊಬ್ಬನೇ.