ಊನಾಳ ಸ್ವಂತ ದನಿ

ಕಳೆದ ವಾರ ಹಲ್ಲು ತೋರಿಸಲೆಂದು ನಂಜನಗೂಡಿಗೆ ಹೋಗಿದ್ದೆ. ಕ್ಲಿನಿಕ್ಕಿನ ಗೋಡೆಯ ಮೇಲೆ ಟೀವಿ ಓಡುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಅತ್ತ ನೋಡಿದರೆ ಯಾವುದೋ ಇಂಗ್ಲಿಷ್ ಸಿನಿಮಾದ ಜಾಹೀರಾತು. ಕುದುರೆಯಿಂದ ಇಳಿದ ಹೆಂಗಸೊಬ್ಬಳು ಯಾರನ್ನೋ ಗದರುತ್ತಿದ್ದಳು. ಕೂದಲಿನ ಬಣ್ಣ ಬೇರೆ, ವೇಷ ಬೇರೆ. ಆದರೆ ಆ ಬಾಯಿ! ಕೆಳತುಟಿಯನ್ನು ಒಂಚೂರು ಎಡಕ್ಕೆಳೆದು ಮಾತು ಶುರುಮಾಡುವ ಆ ಬಾಯಿಯನ್ನು ನಾನು ಇಡೀ ಒಂದು ಬೇಸಿಗೆ ಎದುರು ಕೂತು ನೋಡಿದ್ದೇನೆ. ನೀವು ನಂಬುತ್ತೀರೋ ಇಲ್ಲವೋ, ಪಕ್ಕದಲ್ಲಿದ್ದ ಹುಡುಗಿಯಂತೂ ನಂಬಲಿಲ್ಲ. "ಇವಳು ನಮ್ಮನೇಲೇ ಇದ್ದಳು ಕಣಮ್ಮ" ಅಂದೆ. ಅವಳು ನನ್ನ ಕೆನ್ನೆ ನೋಡಿ, "ತುಂಬಾ ನೋವಿದ್ಯಾ ಆಂಟಿ?" ಅಂದಳು.

ಅವಳು ಬಂದ ಆ ಬೇಸಿಗೆಯಲ್ಲಿ ನಾನು ಆಗಷ್ಟೇ ತಿ. ನರಸೀಪುರದ ಹೈಸ್ಕೂಲಿನಿಂದ ನಿವೃತ್ತಳಾಗಿದ್ದೆ. ಬದುಕಿಡೀ ಮಕ್ಕಳ ಬಾಯಿಂದ ಬಿದ್ದುಹೋದ ಹಕಾರವನ್ನು ಎತ್ತಿ ಮತ್ತೆ ಅಲ್ಲೇ ಇಡುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಸಿನಿಮಾ ಕಂಪನಿಯ ಮ್ಯಾನೇಜರು ಮನೆ ಹುಡುಕಿಕೊಂಡು ಬಂದರು. ತಾಯಿ ಪಾತ್ರವೋ ಏನೋ ಕೊಡಬಹುದೆಂದು ನಾನು ಸೆರಗು ಸರಿಮಾಡಿಕೊಂಡು ಕೂತೆ.

"ಐರ್ಲೆಂಡಿಂದ ಒಬ್ರು ಆಕ್ಟ್ರೆಸ್ ಬಂದವ್ರೆ ಮೇಡಂ. ಹಳೇ ಕಾಲದ ಆಸ್ಪತ್ರೆ ಕಥೆ, ಅವ್ರು ನರ್ಸು. ಡೈಲಾಗಿಗೆ ಸರ್ಯಾಗಿ ಬಾಯಿ ಆಡ್ಸೋದು ಹೇಳ್ಕೊಟ್ಬುಡಿ ಸಾಕು. ವಾಯ್ಸು ಬೇರೆಯವ್ರು ಕೊಡ್ತಾರೆ" ಅಂದರು.

ಹಾಗೆ ಬಂದವಳು ಊನಾ. ಇಪ್ಪತ್ತನಾಲ್ಕೋ ಐದೋ ವಯಸ್ಸು, ಮುಖದ ತುಂಬ ಕಂದು ಚುಕ್ಕಿ. ಮೊದಮೊದಲು ಮೈಸೂರಿನ ಹೋಟೆಲಿನಿಂದ ಕಾರಿನಲ್ಲಿ ಬರುತ್ತಿದ್ದಳು. ಆಮೇಲೊಂದು ದಿನ ಬ್ಯಾಗು ಸಮೇತ ಬಾಗಿಲಲ್ಲಿ ನಿಂತಳು. ಹೋಟೆಲಿನಲ್ಲಿ ಯಾರೂ ತನ್ನ ಜೊತೆ ಕನ್ನಡ ಆಡುವುದಿಲ್ಲ, ಇಲ್ಲೇ ಇರಲೇ ಎಂದು ಕೇಳಿದಳು. ಮಹಡಿಯ ಕೋಣೆ ಬಿಟ್ಟುಕೊಟ್ಟೆವು. ನಮ್ಮತ್ತೆ ಅವಳ ಹೆಸರು ಕೇಳಿ ಬೆಚ್ಚಿದರು. "ಊನ ಅಂತ ಯಾರಾರ ಎಸ್ರು ಇಕ್ತರಾ? ಕೈಕಾಲೆಲ್ಲ ನೆಟ್ಟಗವೆ. ಉಮಾ ಅನ್ನಾನ ಬುಡು." ಅಂದಿನಿಂದ ಅವಳು ಉಮಾ.

ನನ್ನ ಇಂಗ್ಲಿಷ್ ಅವಳಿಗೆ ತಿಳಿಯುತ್ತಿರಲಿಲ್ಲ, ಅವಳದು ನನಗೆ. ಹೀಗಾಗಿ ಕನ್ನಡ ಬೇಗ ಮುಂದುವರಿಯಿತು. ಳಕಾರಕ್ಕಾಗಿ ಅವಳು ಪಟ್ಟ ಪಾಡು ನೋಡಬೇಕಿತ್ತು. ಕನ್ನಡಿ ಹಿಡಿದು, ನಾಲಿಗೆ ಮಡಚಿ, ಬಟ್ಟೆ ಒಗೆಯುವಾಗಲೂ "ಬಾಳೆ, ಕೋಳಿ, ಹಳ್ಳ" ಎಂದು ಜಪ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಇಷ್ಟು ಬೆವರಿದ್ದಿಲ್ಲ. ತೊಂದರೆಯೆಂದರೆ, ಬೆಳಿಗ್ಗೆ ನಾನು ಕಲಿಸಿದ್ದನ್ನು ಮಧ್ಯಾಹ್ನ ಅತ್ತೆ ಹುಣಸೆಹಣ್ಣು ಬಿಡಿಸುತ್ತ ಅಳಿಸಿಹಾಕುತ್ತಿದ್ದರು. ಸಂಜೆಗೆ ಅವಳು "ಓಗ್ಬುಟ್ಟು ಬತ್ತೀನಿ ಮೇಡಂ" ಅನ್ನುತ್ತಿದ್ದಳು. ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ.

ಬಾಯಿ ಆಡಿಸಿದರೆ ಸಾಕಿತ್ತು, ಇಷ್ಟು ಒದ್ದಾಡುವುದೇಕೆಂದು ಒಮ್ಮೆ ಕೇಳಿದೆ. ಆಗ ಹೇಳಿದಳು. ಅವಳ ಅಪ್ಪ ಶಾಲಾ ಬಸ್ಸಿನ ಡ್ರೈವರು. ಕಡಲಂಚಿನ ಸಣ್ಣ ಊರು. ಶಾಲೆಯ ನಾಟಕಕ್ಕೆ ಒಬ್ಬರು ಕಡಿಮೆ ಬಿದ್ದರೆಂದು ಇವಳನ್ನು ನಿಲ್ಲಿಸಿದರಂತೆ, ಆಮೇಲೆ ಇಳಿಯಲೇ ಇಲ್ಲ. ಹತ್ತೊಂಬತ್ತಕ್ಕೆ ಸಿನಿಮಾದಲ್ಲಿ ಪುಟ್ಟ ಪಾತ್ರ, ನಂತರ ಲಂಡನ್ನಿನಲ್ಲಿ ದೊಡ್ಡ ಸೀರಿಯಲ್ಲು. ಅಲ್ಲಿ ಅವಳ ಊರಿನ ಉಚ್ಚಾರ ಹಿಡಿಸಲಿಲ್ಲವೆಂದು ಅವಳಿಗೆ ತಿಳಿಸದೆಯೇ ಬೇರೊಬ್ಬಳ ದನಿ ಅಂಟಿಸಿದರು. ಸೀರಿಯಲ್ಲು ಬಂದ ದಿನ ಮನೆಮಂದಿಯೆಲ್ಲ ಟೀವಿ ಮುಂದೆ ಕೂತರು. ಇವಳನ್ನು ಸಾಕಿದ ಅಜ್ಜಿಗೆ ಕಣ್ಣು ಹೋಗಿತ್ತು. ತೆರೆಯ ಮೇಲೆ ಮೊಮ್ಮಗಳೇ ಮಾತಾಡುತ್ತಿದ್ದರೂ ಅಜ್ಜಿ ಮತ್ತೆಮತ್ತೆ ಕೇಳುತ್ತಿದ್ದರಂತೆ: "ನೀನು ಯಾವಾಗ ಬರ್ತೀಯೆ?"

ಅಷ್ಟು ಹೇಳಿ ಉಮಾ ಕನ್ನಡಿ ಎತ್ತಿಕೊಂಡಳು.

ಈ ಸಿನಿಮಾದಲ್ಲಾದರೂ ತನ್ನ ದನಿಯೇ ಇರಲಿ ಎಂದು ಕೇಳಲು ನಿರ್ದೇಶಕರನ್ನು ಅವಳೇ ಹೋಗಿ ಕಂಡಳು. "ಜನ ನಗ್ತಾರಮ್ಮ" ಅಂದರು ಅವರು. ಕೆಟ್ಟವರೇನಲ್ಲ, ಅವರಿಗೂ ಅದು ಮೊದಲ ಸಿನಿಮಾ. ಕೊನೆಗೆ ಒಂದು ಮಾತಿಗೆ ಒಪ್ಪಿದರು. ಹಳ್ಳಿಯ ಹೆಂಗಸರ ಜೊತೆಗಿನ ದೊಡ್ಡ ದೃಶ್ಯವನ್ನು ಅವಳದೇ ದನಿಯಲ್ಲಿ ತೆಗೆಯುವುದು. ಎದುರಿಗಿದ್ದವರು ನಕ್ಕರೆ ಆ ಮಾತು ಅಲ್ಲಿಗೇ ಮುಗಿಯಿತು.

ಹೆಡತಲೆ ಊರಿನ ಹತ್ತಿರ ಹಳೆಯ ಹೆಂಚಿನ ಕಟ್ಟಡವೊಂದನ್ನು ಆಸ್ಪತ್ರೆ ಮಾಡಿದ್ದರು. ಸುತ್ತಲಿನ ಹೆಂಗಸರೇ ರೋಗಿಗಳು. ಜ್ವರದ ಮಗುವಿನ ತಾಯಿಯಾಗಿ ಕೂತಿದ್ದವಳಿಗೆ ಅಳುವುದೊಂದೇ ಕೆಲಸ, ಮಾತಿಲ್ಲ. ಅವಳಿಗೆ ನರ್ಸು ಹೇಳಬೇಕಾದ್ದು: "ಹೆದರಬೇಡಮ್ಮ, ಮಗು ಉಳಿಯುತ್ತದೆ." ಅದನ್ನು ನಾನು ಹಕಾರ ಸಮೇತ ನೂರು ಸಲ ಹೇಳಿಸಿದ್ದೆ. ಜನರೇಟರಿನ ಪಕ್ಕ ನಿಂತು ನಾನೂ ಅದನ್ನೇ ಬಾಯಲ್ಲಿ ಆಡಿಸುತ್ತಿದ್ದೆ.

ಉಮಾ ಮಂಡಿಯೂರಿ ಕೂತಳು. ಮಗುವಿನ ಹಣೆ ಮುಟ್ಟಿದಳು. "ಎದ್ರುಕೋಬ್ಯಾಡ ಕಣವ್ವ. ಮಗ ಉಳ್ಕತದೆ" ಅಂದಳು.

ಹೋಯಿತು, ಎಲ್ಲ ಹೋಯಿತು ಅಂದುಕೊಂಡೆ. ಯಾರೂ ನಗಲಿಲ್ಲ. ಮಾತೇ ಇಲ್ಲದ ಆ ತಾಯಿ ಉಮಾಳ ಎರಡೂ ಕೈ ಹಿಡಿದುಕೊಂಡು, "ನೀನೇ ನೋಡ್ಕೊ ಕಣವ್ವ, ನಿಂಗೇ ಬುಟ್ಟಿವ್ನಿ" ಅಂದುಬಿಟ್ಟಳು. ನಿರ್ದೇಶಕರು ಆ ಮಾತನ್ನೂ ತೆಗೆದುಕೊಂಡೇ ಕಟ್ ಹೇಳಿದರು. ಆಮೇಲೆ ನನ್ನತ್ತ ತಿರುಗಿ, "ತುಂಬಾ ಚೆನ್ನಾಗಿ ಕಲ್ಸಿದೀರ ಮೇಡಂ" ಅಂದರು. ಕಲಿಸಿದವರು ಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಾರೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ದನಿ ಉಳಿಯಿತು. ಸಿನಿಮಾ ನಂಜನಗೂಡಿನಲ್ಲಿ ಒಂದು ವಾರವೂ ನಿಲ್ಲಲಿಲ್ಲ. ಆದರೆ ಹೊರದೇಶದಲ್ಲಿ ಅದನ್ನು ನೋಡಿದ ಯಾರೋ ಉಮಾಳನ್ನು ಕರೆದರು. ಒಂದರ ಹಿಂದೊಂದು ಪಾತ್ರ ಬಂದವು. ದನಿ ತನ್ನದೇ ಇರಬೇಕೆಂದು ಅವಳು ಮೊದಲೇ ಹೇಳಿಬಿಡುತ್ತಾಳಂತೆ, ಅದರಿಂದ ಕೆಲವು ಅವಕಾಶ ಕೈತಪ್ಪಿದ್ದೂ ಉಂಟು. ಅದಕ್ಕೇ ನನಗೆ ಅವಳೆಂದರೆ ಹೆಮ್ಮೆ, ಕುದುರೆ ಹತ್ತಿದ್ದಕ್ಕಲ್ಲ. ನಮ್ಮ ಸಿನಿಮಾವನ್ನು ಅವಳು ಊರಿಗೆ ಒಯ್ದು ಅಜ್ಜಿಗೆ ಕೇಳಿಸಿದಳು. ಕನ್ನಡದ ಗಂಧವಿಲ್ಲದ ಆ ಅಜ್ಜಿ ಮೊದಲ ಮಾತಿಗೇ ಅವಳ ಕೈಗಾಗಿ ತಡಕಾಡಿ, "ಬಂದೆಯಾ?" ಅಂದರಂತೆ. ಮರುವರ್ಷ ತೀರಿಕೊಂಡರು.

ಕ್ಲಿನಿಕ್ಕಿನಿಂದ ಬಂದವಳೇ ಅತ್ತೆಗೆ ಸುದ್ದಿ ಹೇಳಿದೆ. "ಸುಮ್ಕೆ ಕುಂತಿದ್ದೀಯಲ್ಲ, ಪೋನ್ ಮಾಡು" ಅಂದರು. ಮಾಡಿದೆ. ಫೋನಿನ ತೆರೆಯ ಮೇಲೆ ಒದ್ದೆ ಕೂದಲಿನ ಉಮಾ. "ಉಂಡ್ರಾ?" ಎಂದು ಅವಳೇ ಮೊದಲು ಕೇಳಿದಳು. ಅವಳ ಅಜ್ಜಿಗೆ ಇಂಗ್ಲಿಷಿಗಿಂತ ಮೊದಲು ಐರ್ಲೆಂಡಿನ ಹಳೆಯ ಭಾಷೆ ಬರುತ್ತಿತ್ತಂತೆ, ಮನೆಯಲ್ಲಿ ಉಳಿದವರು ಯಾರೂ ಕಲಿತಿರಲಿಲ್ಲ. ಈಗ ಆ ಭಾಷೆಯ ಸಿನಿಮಾ ಒಪ್ಪಿಕೊಂಡು, ಮೇಷ್ಟರನ್ನಿಟ್ಟುಕೊಂಡು ಅಕ್ಷರದಿಂದ ಶುರುಮಾಡಿದ್ದಾಳೆ.

"ದಿನಾ ಬೈಸ್ಕೊತೀನಿ ಮೇಡಂ" ಎಂದು ನಕ್ಕಳು.

"ಎಲ್ಲಿ, ಸ್ವಲ್ಪ ಹೇಳು ನೋಡೋಣ" ಅಂದೆ. ಅವಳು ಹೇಳಿದಳು. ಅರ್ಥ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದರು.

"ಇನ್ನೊಂಚೂರು ಮಾತಾಡು ಮಗ."

ಉಮಾ ಮಾತಾಡುತ್ತ ಹೋದಳು. ಒಂದಕ್ಷರವೂ ತಿಳಿಯದೆ ನಾವಿಬ್ಬರೂ ಕೇಳುತ್ತ ಕೂತೆವು.