ಚನ್ನುವಿನ ಮೂಸಂಬಿ ಗಿಡ

ಮೊನ್ನೆ ಕೆಂಗೇರಿಯ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ನಿಂಬೆ ಗಿಡದ ಹಣ್ಣೆಲೆ ಕೀಳುತ್ತಿದ್ದಾಗ ಬೆರಳಿಗೆ ಮೆತ್ತಗೆ ಏನೋ ತಗುಲಿತು. ಎಲೆಯದ್ದೇ ಬಣ್ಣದ ದಪ್ಪನೆಯ ಹಸಿರು ಹುಳ. ಮುಟ್ಟಿದ್ದೇ ತಡ, ತಲೆಯ ಹಿಂದಿನಿಂದ ಕೆಂಪು ಕವಲಿನ ಕೊಂಬೊಂದನ್ನು ಹೊರಗೆ ಚಾಚಿ ವಾಸನೆ ಬಿಟ್ಟಿತು. ಕೊಳೆತ ಕಿತ್ತಳೆ ಸಿಪ್ಪೆಯದ್ದೂ ಅಲ್ಲ, ಹುಳಿಬಂದ ಮಜ್ಜಿಗೆಯದ್ದೂ ಅಲ್ಲ, ಎರಡರ ನಡುವಿನ ಒಂದು ಘಾಟು. ಸೋಪು ಹಾಕಿ ಕೈ ತೊಳೆದೆ, ಹೋಗಲಿಲ್ಲ. ಯಾರಿಗೂ ಏನೂ ಆಗಿರಲಿಲ್ಲ, ಹೊರಗೆ ಬಿಸಿಲು ಚೆನ್ನಾಗಿಯೇ ಇತ್ತು. ಆದರೂ ಮತ್ತೆ ನಲ್ಲಿ ತಿರುಗಿಸಿ ಸೋಪು ಹಚ್ಚಿಕೊಂಡೆ. ಈ ವಾಸನೆ ಬಂದಾಗ ನಾನು ಬೆಳೆದ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಇದ್ದದ್ದಿಲ್ಲ.

ಆ ಮನೆ ಬಸವೇಶ್ವರನಗರದಲ್ಲಿತ್ತು. ಈಗ ಅಲ್ಲಿ ಕೆಳಗೆ ಕಾರು ನಿಲ್ಲುವ, ಮೇಲೆ ಯಾರ್ಯಾರೋ ಬಾಡಿಗೆಗಿರುವ ಕಟ್ಟಡವಿದೆ. ಹಿತ್ತಲು ಎಂಬ ಪದವನ್ನು ಬಾಯಿತುಂಬ ಹೇಳಬಹುದಾದ ಮನೆ ಅದು. ನಿಮಗೂ ಅಂಥದ್ದೊಂದು ಇದ್ದಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಒಗೆಯುವ ಕಲ್ಲು, ಅದರ ನೀರು ಹರಿದುಹೋಗುವ ಕಡೆ ಪರಂಗಿ, ಕಾಂಪೌಂಡಿನ ಪಕ್ಕ ಸೀಬೆ ಮತ್ತು ದಾಳಿಂಬೆ, ನಡುವೆ ಅಜ್ಜಿಯ ಬಿಲ್ವಪತ್ರೆ ಮರ. ಅಪ್ಪನ ತಾಯಿಯಾದ ಅಜ್ಜಿ ಚಿತ್ರದುರ್ಗದ ಕಡೆಯಿಂದ ಬಂದವರು. ಬೆಳಗಾದರೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿ, ಬುಟ್ಟಿ ಹಿಡಿದು ಮರದ ಕೆಳಗೆ ನಿಲ್ಲುತ್ತಿದ್ದರು. ಕೊರಳ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟು ಪೂಜಿಸುವಾಗ ಏರಿಸುವ ಪತ್ರೆ ಮೂರು ದಳವೂ ಮುಕ್ಕಾಗದೆ ಇರಬೇಕು. ಹುಳ ಕಚ್ಚಿದ್ದು, ಹಕ್ಕಿ ಹಿಕ್ಕೆ ಹಾಕಿದ್ದು ಪೂಜೆಗೆ ಬಾರದು. ಹಾಗೆಂದು ಎಲ್ಲೆಂದರಲ್ಲಿ ಬಿಸಾಡುವಂತೆಯೂ ಇಲ್ಲ. ಶಿವನ ಪತ್ರೆ ಕಾಲಿಗೆ ಸಿಗಬಾರದೆಂದು, ಆರಿಸಿ ಬಿಟ್ಟ ಎಲೆಗಳನ್ನು ಯಾರೂ ಓಡಾಡದ ಮೂಲೆಯ ಗಿಡವೊಂದರ ಬುಡಕ್ಕೆ ಇಟ್ಟು ಬರುತ್ತಿದ್ದರು. ಆ ಮೂಲೆಯಲ್ಲಿದ್ದದ್ದು ನನ್ನ ತಮ್ಮ ಚನ್ನುವಿನ ಮೂಸಂಬಿ ಗಿಡ.

ಚನ್ನುವಿಗೆ ಚಿಕ್ಕಂದಿನಿಂದಲೂ ಉಬ್ಬಸ. ರಸ್ತೆ ಅಗೆದರೆ, ಒಗ್ಗರಣೆ ಸೀದರೆ, ಪಕ್ಕದ ಮನೆಯವರು ಬಣ್ಣ ಹೊಡೆಸಿದರೆ ಸಾಕು, ಅವನ ಎದೆಯೊಳಗೆ ಯಾರೋ ಸೀಟಿ ಊದಲು ಶುರುಮಾಡುತ್ತಿದ್ದರು. ಆಗೆಲ್ಲ ಅಪ್ಪ ಅವನನ್ನು ಸ್ಕೂಟರಿನಲ್ಲಿ ಆರ್‌ಪಿಸಿ ಲೇಔಟಿನ ಕ್ಲಿನಿಕ್ಕಿಗೆ ಕರೆದೊಯ್ದು ಮುಖಕ್ಕೆ ಮಾಸ್ಕ್ ಇಟ್ಟು ಔಷಧಿಯ ಹೊಗೆ ಕೊಡಿಸಿಕೊಂಡು ಬರುತ್ತಿದ್ದರು. ಒಂದು ಸಲ ಅಷ್ಟಕ್ಕೇ ಮುಗಿಯದೆ ಅವನು ಆಸ್ಪತ್ರೆ ಸೇರಿದ. ಅಮ್ಮ ಊಟ ಬಿಟ್ಟು ಅಲ್ಲೇ ಕೂತರು. ಅವನು ಬದುಕಿ ಮನೆಗೆ ಬಂದ ದಿನ ಅಪ್ಪ ಖುಷಿಗೆ ನರ್ಸರಿಯಿಂದ ಒಂದು ಮೂಸಂಬಿ ಸಸಿ ತಂದರು. ಅಜ್ಜಿಯೇ ಗುಂಡಿ ತೋಡಿ ನೆಟ್ಟು, ಚನ್ನುವಿನ ಕೈಯಿಂದ ನೀರು ಹಾಕಿಸಿ, "ಇದು ನಿಂದು ಕಣಪ್ಪ. ಇದು ಚೆನ್ನಾಗ್ ಬರ್ಲಿ, ನೀನೂ ಹಂಗೇ ಚೆನ್ನಾಗಿರ್ತೀಯ" ಅಂದರು. ಅಕ್ಕರೆಯಿಂದ ಆಡಿದ ಮಾತು. ಆದರೆ ಆ ಮಾತು ಬಾಯಿಂದ ಬಿದ್ದ ಗಳಿಗೆಯಿಂದ ನಾವೆಲ್ಲ ಆ ಗಿಡಕ್ಕೆ ಹೆದರತೊಡಗಿದೆವು.

ನಮ್ಮ ಹಿತ್ತಲಿಗೆ ಔಷಧಿ ಹೊಡೆಯುವ ಪ್ರಶ್ನೆಯೇ ಇರಲಿಲ್ಲ. ಹುಳ ಸಾಯುವ ಮೊದಲು ಚನ್ನುವಿನ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆದ್ದರಿಂದ ಯಾವ ಹುಳ ಎಂದು ಮೊದಲೇ ಗುರುತು ಹಿಡಿದು ಕೈಯಿಂದಲೇ ತೆಗೆಯಬೇಕು. ಅಪ್ಪ ಕಚೇರಿಗೆ ಹೊರಡುವ ಮುನ್ನ ಭೂತಗನ್ನಡಿ ಹಿಡಿದು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ನಾನು ಅವರ ಪಕ್ಕ. "ಮೊದ್ಲು ಕಚ್ಚಿರೋ ಗುರ್ತಾ, ಹೀರಿರೋ ಗುರ್ತಾ ನೋಡು" ಎನ್ನುವುದು ಅವರ ಪಾಠ. ಎಲೆ ಅಂಟಂಟಾಗಿ ಮೇಲೆ ಮಸಿ ಹಿಡಿದಿದ್ದರೆ ಅದು ರಸ ಹೀರುವ ಜಾತಿ. ಇರುವೆ ಸಾಲುಗಟ್ಟಿ ಮೇಲೆ ಹತ್ತುತ್ತಿದ್ದರೆ ಅವುಗಳ ಹಿಂದೆಯೇ ಹೋಗು, ಹತ್ತಿ ಮೆತ್ತಿದ ಹಾಗೆ ಬಿಳಿ ಹಿಟ್ಟು ತಿಗಣೆ ಸಿಗುತ್ತದೆ. ನಮ್ಮ ಪರಂಗಿಗೆ ಅದು ತಪ್ಪಿದ್ದಲ್ಲ. ಎಳೆಯ ಎಲೆಯ ಮೇಲೆ ಬೆಳ್ಳಿಯ ಗೆರೆ ಸುತ್ತಿ ಸುತ್ತಿ ಹೋಗಿದ್ದರೆ ಅದು ರಂಗೋಲಿ ಹುಳ. ಸೀಬೆಹಣ್ಣಿನ ಮೇಲೆ ಸೂಜಿಮೊನೆಯಷ್ಟು ಚುಚ್ಚಿದ ಗುರುತಿದ್ದು ಅಲ್ಲಿ ಮೆತ್ತಗಾಗಿದ್ದರೆ ನೊಣ ಮೊಟ್ಟೆಯಿಟ್ಟಿದೆ, ಒಳಗೆಲ್ಲ ಹುಳ. ದಾಳಿಂಬೆಯಲ್ಲಿ ದುಂಡನೆಯ ತೂತು ಕಂಡರೆ ಕಾಯಿಯ ಆಸೆ ಬಿಡಬೇಕು. ಅದಕ್ಕೇ ಅಮ್ಮ ಹಳೇ ಪಂಚೆ ಹರಿದು ಪ್ರತಿ ಕಾಯಿಗೂ ಚೀಲ ಕಟ್ಟುತ್ತಿದ್ದರು. ಹೊರಗಿನವರು ನೋಡಿದ್ದರೆ ನಮ್ಮನ್ನು ತೋಟಗಾರಿಕೆಯ ಹುಚ್ಚಿನವರು ಅಂದುಕೊಳ್ಳುತ್ತಿದ್ದರು. ಎಲ್ಲ ಗಿಡ ನೋಡಿಯಾದ ಮೇಲೆ ಕೊನೆಗೆ ಮೂಸಂಬಿಯ ಹತ್ತಿರ ಬಂದಾಗ ಅಪ್ಪ ಪಾಠ ಬಿಟ್ಟು ಒಂದೊಂದೇ ಎಲೆಯನ್ನು ತಿರುವಿ ನೋಡುತ್ತಿದ್ದರು.

ಒಂದು ಮಳೆಗಾಲದಲ್ಲಿ ಮೂಸಂಬಿ ಎಲೆ ಕಳೆದುಕೊಳ್ಳತೊಡಗಿತು. ಬೆಳಗ್ಗೆ ಇದ್ದ ಚಿಗುರು ಸಂಜೆಗೆ ಇಲ್ಲ. ಅಂಚಿನಿಂದ ನಡುನರದವರೆಗೆ ಸ್ವಚ್ಛವಾಗಿ ತಿಂದುಹಾಕಿದ ಗುರುತು. ಅಪ್ಪ ಮಿಡತೆ ಅಂದರು, ಬಸವನಹುಳು ಅಂದರು, ಬುಡಕ್ಕೆ ಒಲೆಬೂದಿ ಹಾಕಿದರು, ಎಲೆಗಳ ಅಡಿ ಹುಡುಕಿದರು. ಎಲೆಗಳ ಮೇಲೆ ಅಲ್ಲಲ್ಲಿ ಹಕ್ಕಿ ಹಿಕ್ಕೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಅದೇ ಹೊತ್ತಿಗೆ ಚನ್ನುವಿಗೂ ಉಬ್ಬಸ ಏರಿತು. ಮಳೆ ಬಂದಾಗ ಗಿಡ ಚಿಗುರುತ್ತದೆ, ಚಿಗುರಿಗೆ ಹುಳ ಬರುತ್ತದೆ, ತಂಡಿಗೆ ಉಬ್ಬಸವೂ ಬರುತ್ತದೆ ಎಂದು ಈಗ ನಾನು ವಿವರಿಸಬಲ್ಲೆ. ಆಗ ನಮ್ಮ ಮನೆಯಲ್ಲಿ ಹಾಗೆ ವಿವರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಅಪ್ಪ ಅಂಗಡಿಯಿಂದ ಹುಳದ ಔಷಧಿಯ ಒಂದು ಬಾಟಲಿ ತಂದರು. ಮುಚ್ಚಳ ತೆಗೆದು ಬಕೆಟ್ಟಿಗೆ ಬಗ್ಗಿಸುವಷ್ಟರಲ್ಲಿ ಅಡುಗೆಮನೆಯಿಂದ ಚನ್ನುವಿನ ಕೆಮ್ಮು ಕೇಳಿಸಿತು. ಅಪ್ಪ ಮುಚ್ಚಳ ಬಿಗಿದು, ಬಾಟಲಿಯನ್ನು ಮನೆಯಿಂದಾಚೆ ಒಯ್ದವರು ಬರಿಗೈಯಲ್ಲಿ ವಾಪಸು ಬಂದರು.

ಹುಳವನ್ನು ಹಿಡಿದುಕೊಟ್ಟವನು ಚನ್ನುವೇ. ಅವನನ್ನು ಆಡಲು ಬಿಡುತ್ತಿರಲಿಲ್ಲವಾದ್ದರಿಂದ ಸ್ವೆಟರು, ಕುಲಾವಿ ಹಾಕಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂತು ಗಿಡವನ್ನು ಕಾಯುವುದೇ ಅವನ ಕೆಲಸವಾಗಿತ್ತು. ಒಂದು ಬೆಳಗ್ಗೆ ಅಜ್ಜಿ ಎಂದಿನಂತೆ ಬೇಡದ ಪತ್ರೆಗಳನ್ನು ಮೂಸಂಬಿಯ ಬುಡದಲ್ಲಿ ಇಟ್ಟು, ಕೈಮುಗಿದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಚನ್ನು ಕೂಗಿದ. "ಅಕ್ಕಾ, ಬಾ ಇಲ್ಲಿ! ಹಿಕ್ಕೆ ನಡೀತಿದೆ!"

ನಾನು ನಕ್ಕೆ. ಹತ್ತಿರ ಹೋಗಿ ನೋಡಿದಾಗ ನಗು ನಿಂತಿತು. ಬಿಲ್ವದ ಎಲೆಯ ಮೇಲಿದ್ದ ಕಂದು-ಬಿಳಿ ಹಿಕ್ಕೆಯೊಂದು ಮೈ ಕುಗ್ಗಿಸಿ, ಹಿಗ್ಗಿಸಿ, ಮೂಸಂಬಿಯ ಕಾಂಡವನ್ನು ಹತ್ತುತ್ತಿತ್ತು. ಅಪ್ಪ ಓಡಿಬಂದು ಕಡ್ಡಿಯಿಂದ ಮುಟ್ಟಿದರು. ಪುಟ್ಟ ಕೊಂಬು ಹೊರಬಂತು, ಆ ವಾಸನೆ ಬಂತು. ಅಪ್ಪ ಭೂತಗನ್ನಡಿಯನ್ನು ಜೇಬಿಗೆ ಹಾಕಿ ತಲೆಯೆತ್ತಿ ಬಿಲ್ವದ ಮರವನ್ನು ನೋಡಿದರು. ಚಿಟ್ಟೆಯ ಮರಿ ಇದು, ಎಳೆಯದಾಗಿದ್ದಾಗ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದರೆ ಎಲೆಯ ಹಸಿರಿನಲ್ಲಿ ಕಣ್ಣಿಗೇ ಬೀಳುವುದಿಲ್ಲ, ತಿನ್ನಲು ಬಿಲ್ವವೂ ಆಗುತ್ತದೆ ಮೂಸಂಬಿಯೂ ಆಗುತ್ತದೆ ಇದಕ್ಕೆ ಎಂದರು. ಅಜ್ಜಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ವಿಭೂತಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದರು, "ಹಂಗಾದ್ರೆ ದಿನಾ ನಾನೇ ತಂದ್ ಬಿಟ್ಟಿದ್ದಾ ಇದನ್ನ?"

"ಏನಮ್ಮ ನೀವು, ಯಾರಿಗ್ ಗೊತ್ತಿತ್ತು? ನಾನೇ ಹಿಕ್ಕೆ ಅನ್ಕೊಂಡಿದ್ದೆ" ಅಂದರು ಅಪ್ಪ.

ಅಂದಿನಿಂದ ಪತ್ರೆಗಳು ಆ ಬುಡಕ್ಕೆ ಹೋಗಲಿಲ್ಲ. ಸಿಕ್ಕ ಹುಳವನ್ನೆಲ್ಲ ಆರಿಸಿದೆವು. ಆದರೆ ಅಷ್ಟು ಹೊತ್ತಿಗೆ ಗಿಡದಲ್ಲಿ ಉಳಿದಿದ್ದದ್ದು ಬರೀ ಮುಳ್ಳು ಮತ್ತು ಕಡ್ಡಿ. ಚಿಗುರುತ್ತೆ ಬಿಡು ಎಂದು ಅಪ್ಪ ಹೇಳುತ್ತಲೇ ಇದ್ದರು. ಚನ್ನು ಎದ್ದ ಕೂಡಲೇ ಬಾಯಿ ಕೂಡ ತೊಳೆಯದೆ ಹಿತ್ತಲಿಗೆ ಹೋಗಿ ನೋಡಿ ಬರುತ್ತಿದ್ದ. ತಿಂಡಿ ಸೇರುತ್ತಿರಲಿಲ್ಲ. ಅವನ ಎದೆಗೂಡು ಅಂಗಿಯ ಮೇಲಿಂದಲೇ ಏರಿಳಿಯುವುದು ಕಾಣುತ್ತಿತ್ತು. ಒಂದು ಸಂಜೆ ಅಜ್ಜಿ ಅವನಿಗೆ ಗಂಜಿ ಕುಡಿಸುತ್ತಿದ್ದಾಗ ಅವನು ಕೇಳಿದ. "ಅಜ್ಜಿ, ಅದು ಸತ್ತೋದ್ರೆ ನಾನೂ ಸಾಯ್ತೀನಲ್ವಾ?" ಅಳಲಿಲ್ಲ, ಹೆದರಿದ ಹಾಗೂ ಇರಲಿಲ್ಲ. ನಾಳೆ ಸ್ಕೂಲಿದೆಯಾ ಎಂದು ಕೇಳುವ ಹಾಗೆ ಕೇಳಿದ. ಅಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತುಬಿಟ್ಟರು.

ಅಜ್ಜಿ ಲೋಟ ಕೆಳಗಿಟ್ಟರು. ಅವನನ್ನು ಸೊಂಟಕ್ಕೆ ಎತ್ತಿಕೊಂಡು, ಆ ವಯಸ್ಸಿನಲ್ಲಿ, ನೇರವಾಗಿ ಹಿತ್ತಲಿಗೆ ನಡೆದರು. ನಾನು ಹಿಂದೆಯೇ ಓಡಿದೆ. ಅವನನ್ನು ಕಲ್ಲಿನ ಮೇಲೆ ಕೂರಿಸಿ ಗಿಡದ ಬುಡವನ್ನು ಎರಡೂ ಕೈಯಲ್ಲಿ ಹಿಡಿದರು. ಆಗ ನನ್ನ ಕಣ್ಣಿಗೆ ಬಿತ್ತು, ಕಾಂಡದ ಗಿಣ್ಣಿನಲ್ಲಿ ಅಕ್ಕಿಕಾಳಿನಷ್ಟು ಹಸಿರು. "ಅಜ್ಜೀ, ಬೇಡ! ಚಿಗುರಿದೆ, ಚಿಗುರಿದೆ ನೋಡಿ!" ಎಂದು ಕಿರುಚಿದೆ.

"ನೋಡ್ದೆ ಕಣೇ" ಅಂದರು. "ಈ ಸಲ ಚಿಗುರ್ತು. ಮುಂದಿನ್ ಸಲ?"

ಎಳೆದರು. ಮುಳ್ಳು ಚುಚ್ಚಿ ಅಂಗೈಯಲ್ಲಿ ರಕ್ತ ಬಂತು. ಮತ್ತೆ ಎಳೆದರು. ಬೇರು ಮಣ್ಣಿನ ಸಮೇತ ಕಿತ್ತುಬಂತು. ಅದನ್ನು ಕಾಂಪೌಂಡಿನ ಆಚೆಗೆ ಎಸೆದು ಬಂದು ಚನ್ನುವಿನ ಮುಂದೆ ಮಂಡಿಯೂರಿದರು. "ಎಲ್ಲೋಯ್ತೋ ಗಿಡ?" "ಹೋಯ್ತು." "ನೀನ್ ಎಲ್ಲಿದೀಯ?" "ಇಲ್ಲೇ ಇದೀನಿ." "ಹಾಂ. ಅದು ಗಿಡ ಕಣೋ. ನೀನು ನನ್ ಮೊಮ್ಮಗ. ನಿನಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಬುದ್ಧಿಯಿಲ್ದೆ ಆಡಿದ್ ಮಾತದು." ಚನ್ನು ಬರಿದಾದ ಗುಂಡಿಯನ್ನು ಒಂದಷ್ಟು ಹೊತ್ತು ನೋಡಿದ. ಆಮೇಲೆ ಹಸಿವು ಅಂದ. ಮಳೆ ಮುಗಿಯುವ ಹೊತ್ತಿಗೆ ಅವನ ಉಬ್ಬಸ ಇಳಿಯಿತು. ವರ್ಷ ಕಳೆದಂತೆ ದೂರವೂ ಆಯಿತು.

ಅವನು ಅಜ್ಜಿಯನ್ನು ನಂಬಿದ, ನೆಮ್ಮದಿಯಾಗಿ ಬೆಳೆದ. ಆ ಮಾತನ್ನು ನಂಬದೇ ಉಳಿದವರು, ಅದನ್ನು ಆಡಿದ ಅಜ್ಜಿ ಒಬ್ಬರೇ. ಮಾರನೆಯ ಬೆಳಗ್ಗೆ ಸ್ನಾನಕ್ಕೂ ಮೊದಲು, ಮುಳ್ಳು ಚುಚ್ಚಿ ಬಾತಿದ್ದ ಕೈಯನ್ನು ಮಲಗಿದ್ದ ಚನ್ನುವಿನ ಎದೆಯ ಮೇಲಿಟ್ಟು ಕೂತಿದ್ದನ್ನು ಕಂಡೆ. ಅದರ ಮಾರನೆಯ ದಿನವೂ ಕಂಡೆ. ಪೂಜೆ ತಪ್ಪಿದ ದಿನಗಳಿದ್ದವು, ಇದು ತಪ್ಪಲಿಲ್ಲ. ಅವನು ಮೀಸೆ ಬಂದು, ಮೂಲೆಯಲ್ಲಿ ಚಾಪೆ ಹಾಸಿ ಮಲಗುವ ಹುಡುಗನಾದ ಮೇಲೂ, ಗೋಡೆ ಹಿಡಿದುಕೊಂಡು ಅವನಲ್ಲಿಗೆ ಹೋಗಿ ಬಗ್ಗುತ್ತಿದ್ದರು. "ಏನಜ್ಜಿ, ನಿದ್ದೆ ಕೆಡಿಸ್ತೀರಾ" ಎಂದು ಅವನು ಮಗ್ಗುಲಾಗುತ್ತಿದ್ದ. ಯಾಕೆ ಎಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅಜ್ಜಿ ಹೋದ ದಿನ ಮಧ್ಯಾಹ್ನ ಅವರಿಗೆ ಕಣ್ಣು ಮಂಜಾಗಿತ್ತು. ಕಾಲೇಜಿನಿಂದ ಓಡಿಬಂದಿದ್ದ ಚನ್ನು ಅವರ ಕೈ ಹಿಡಿದು ಹಾಸಿಗೆಯ ಪಕ್ಕದಲ್ಲೇ ಕೂತಿದ್ದ. ಅವರು ನನ್ನನ್ನು ಹತ್ತಿರ ಕರೆದರು. ಕಿವಿಯನ್ನು ತುಟಿಗೆ ತಾಗಿಸಿದಾಗಷ್ಟೇ ಕೇಳಿಸಿತು.

"ಹುಡುಗ ಉಸಿರಾಡ್ತಿದಾನೇನೇ? ನೋಡು."

"ಆಡ್ತಿದಾನೆ ಅಜ್ಜಿ" ಅಂದೆ. ನಂಬಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಚನ್ನುವಿನ ಕೈಯಿಂದ ಅವರ ಕೈ ಬಿಡಿಸಿ ಅವನ ಎದೆಯ ಮೇಲಿಟ್ಟೆ. ಅವನು ಅಳುತ್ತಿದ್ದ, ಎದೆ ಜೋರಾಗಿ ಏರಿಳಿಯುತ್ತಿತ್ತು. ಅಜ್ಜಿ ಕೈ ತೆಗೆಯಲಿಲ್ಲ.